ತಡವಾಗಿ ಬಂದ ಪ್ರೀತಿಯನ್ನು ಚಿತ್ರ ಹೇಗೆ ಹೇಳುತ್ತದೆ? ಭೂಪೇನ್ ಖಖ್ಖರ್ ಅವರ ಕ್ಯಾನ್ವಾಸುಗಳ ಮುಂದೆ ಸ್ವಲ್ಪ ಹೊತ್ತು

ಅಪ್ಪ, ಮಗ ಮತ್ತು ಕತ್ತೆಯ ಕಥೆ ನಮಗೆಲ್ಲ ಗೊತ್ತು. ಇಬ್ಬರೂ ಕತ್ತೆಯನ್ನು ಹೊಡೆದುಕೊಂಡು ಸಂತೆಗೆ ಹೊರಟರು. ಮಗ ಹತ್ತಿ ಕೂತರೆ ಜನ ಬೈದರು. ಅಪ್ಪ ಹತ್ತಿ ಕೂತರೂ ಬೈದರು. ಇಬ್ಬರೂ ಹತ್ತಿದರೆ ಪಾಪ ಕತ್ತೆ ಅಂದರು. ಕೊನೆಗೆ ಕತ್ತೆಯನ್ನೇ ಹೊತ್ತುಕೊಂಡು ಹೋದರೆ ಬಿದ್ದು ಬಿದ್ದು ನಕ್ಕರು. ಚಿಕ್ಕಂದಿನಲ್ಲಿ ಅಜ್ಜಿ ಹೇಳಿದಾಗ ನಾವೂ ನಕ್ಕಿದ್ದೆವು.

1981ರಲ್ಲಿ ಬರೋಡಾದ ಒಬ್ಬ ಚಿತ್ರಕಾರ ಈ ಕಥೆಯನ್ನು ತೈಲವರ್ಣದಲ್ಲಿ ಬರೆದರು. ಚೌಕ ಕ್ಯಾನ್ವಾಸು, ಒಂದೊಂದು ಬದಿ ಸುಮಾರು 5 ಅಡಿ 9 ಇಂಚು. ಅಪ್ಪ, ಮಗ, ಕತ್ತೆ ಮೂವರೂ ಅದರಲ್ಲಿ ಇದ್ದಾರೆ. ಸುತ್ತ ಮನೆಗಳು, ಬೀದಿ, ತಮ್ಮ ಪಾಡಿಗೆ ಕೆಲಸ ಮಾಡುವ ಜನ. ಆದರೆ ಚಿತ್ರದ ಮುಂದೆ ನಿಂತರೆ ಮೊದಲು ಕಾಣುವುದು ಇವರ್ಯಾರೂ ಅಲ್ಲ. ಒಂದು ಬದಿಯ ಬಾಲ್ಕನಿಯಲ್ಲಿ, ನಮಗೆ ಬೆನ್ನು ತಿರುಗಿಸಿ, ಆಳೆತ್ತರದ ಒಬ್ಬ ಗಂಡಸು ನಿಂತಿದ್ದಾನೆ. ಮೈಮೇಲೆ ಒಂದು ಎಳೆ ಬಟ್ಟೆ ಇಲ್ಲ. ಕೆಳಗೆ ನಡೆಯುತ್ತಿರುವ ಕತ್ತೆಯ ಕಥೆಯನ್ನು ಸುಮ್ನೆ ನೋಡುತ್ತಿದ್ದಾನೆ.

ಚಿತ್ರದ ಹೆಸರು ‘ಯು ಕಾಂಟ್ ಪ್ಲೀಸ್ ಆಲ್’. ಎಲ್ಲರನ್ನೂ ಮೆಚ್ಚಿಸೋಕೆ ಆಗಲ್ಲ. ಬರೆದವರು ಭೂಪೇನ್ ಖಖ್ಖರ್. ಆ ಬೆತ್ತಲೆ ಗಂಡಸು ಬೇರೆ ಯಾರೂ ಅಲ್ಲ, ಅವರೇ. ತಾನು ಗಂಡಸರನ್ನು ಪ್ರೀತಿಸುವ ಗಂಡಸು ಎಂದು ಭೂಪೇನ್ ಲೋಕದ ಮುಂದೆ ಒಪ್ಪಿಕೊಂಡದ್ದು ಈ ಚಿತ್ರದ ಮೂಲಕ. ಆಗ ಅವರಿಗೆ 47 ವರ್ಷ.

ಈ ವಯಸ್ಸನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ. ಅವರ ಕಥೆಯ ದುಃಖ ಇರುವುದೇ ಅಲ್ಲಿ.

ಭೂಪೇನ್ ಹುಟ್ಟಿದ್ದು 1934ರ ಮಾರ್ಚ್ 10ರಂದು, ಮುಂಬೈಯ ಖೇತ್‌ವಾಡಿಯಲ್ಲಿ. ಗುಜರಾತಿ ಮಾತಾಡುವ ಮಧ್ಯಮ ವರ್ಗದ ಮನೆ. ತಂದೆ ಚಿಕ್ಕಂದಿನಲ್ಲೇ ತೀರಿಕೊಂಡರು. ಕಡೇ ಮಗನ ಮೇಲೆ ತಾಯಿಯ ಆಸೆಯೆಲ್ಲ ನಿಂತಿತ್ತು. ಮಗ ಆ ಆಸೆಯನ್ನು ಉಳಿಸಿಕೊಟ್ಟ, ಓದಿ ಚಾರ್ಟರ್ಡ್ ಅಕೌಂಟೆಂಟ್ ಆದ. 1962ರಲ್ಲಿ ಕಲಾವಿದ ಗೆಳೆಯ ಗುಲಾಮ್ ಮೊಹಮ್ಮದ್ ಶೇಖ್ ಅವರ ಒತ್ತಾಯಕ್ಕೆ ಬರೋಡಾಕ್ಕೆ ಹೋದರು. ಅಲ್ಲಿನ ಎಂ.ಎಸ್. ವಿಶ್ವವಿದ್ಯಾಲಯದ ಕಲಾ ವಿಭಾಗಕ್ಕೆ ಸೇರಿದರು, ಅದೂ ಚಿತ್ರ ಬರೆಯುವುದಕ್ಕಲ್ಲ, ಕಲಾವಿಮರ್ಶೆ ಓದಲು. ಬರೆಯುವುದನ್ನು ಹೆಚ್ಚುಕಮ್ಮಿ ತಾವೇ ಕಲಿತರು. ಹೊಟ್ಟೆಪಾಡಿಗೆ ಒಂದು ಕಾರ್ಖಾನೆಯಲ್ಲಿ ಅರ್ಧ ದಿನ ಲೆಕ್ಕ ಬರೆಯುತ್ತಿದ್ದರು. ಉಳಿದ ಅರ್ಧ ದಿನ ಚಿತ್ರ. ಎಷ್ಟೋ ವರ್ಷ ಹೀಗೇ ನಡೆಯಿತು.

70ರ ದಶಕದಲ್ಲಿ ಅವರು ಬರೆದದ್ದು ಪೇಟೆಬೀದಿಯ ಜನರನ್ನು. ವಾಚ್ ರಿಪೇರಿ ಮಾಡುವವನು, ಕ್ಷೌರದಂಗಡಿಯವನು, ಇಂಥವರು. ‘ಜನತಾ ವಾಚ್ ರಿಪೇರಿಂಗ್’ 1972ರದು. ಅಂಗಡಿ ಬೋರ್ಡು ಮತ್ತು ಕ್ಯಾಲೆಂಡರಿನಲ್ಲಿ ಕಾಣುವ ಹೊಳೆಯುವ ಬಣ್ಣ, ಸ್ವಲ್ಪ ಬಿಗಿಯಾಗಿ ಕೂತ ಮನುಷ್ಯ. ಕೆಲವರು ಇದನ್ನು ಪಾಪ್ ಆರ್ಟ್, ಅಂದರೆ ಜಾಹೀರಾತು, ಅಂಗಡಿ ಸರಕಿನಂಥ ದಿನಬಳಕೆಯ ಚಿತ್ರಗಳಿಂದ ಕಟ್ಟುವ ಕಲೆ, ಅಂದರು. ನನಗೆ ಹಾಗನಿಸುವುದಿಲ್ಲ. ಆ ಚಿತ್ರಗಳ ಗಂಡಸರು ಒಂಟಿ. ಅವರ ಮುಖವನ್ನು ಯಾರೋ ತುಂಬ ಹೊತ್ತು, ತುಂಬ ಮೆತ್ತಗೆ ನೋಡಿದ್ದಾರೆ ಅನಿಸುತ್ತದೆ. ಪ್ರೀತಿ ಆಗಲೇ ಅಲ್ಲಿದೆ, ಹೆಸರು ಮಾತ್ರ ಇಲ್ಲ.

1975ರ ‘ಮ್ಯಾನ್ ವಿತ್ ಬೊಕೆ ಆಫ್ ಪ್ಲಾಸ್ಟಿಕ್ ಫ್ಲವರ್ಸ್’ ಚಿತ್ರವನ್ನು ನೋಡಿ. ನಡುವೆ ಪ್ಲಾಸ್ಟಿಕ್ ಹೂಗುಚ್ಛ ಹಿಡಿದ ಗಂಡಸು, ಅಕ್ಕಪಕ್ಕದಲ್ಲಿ ಅವನ ಬದುಕಿನ ಸಣ್ಣ ಸಣ್ಣ ದೃಶ್ಯಗಳು. ಈ ಜೋಡಣೆ ನಮ್ಮ ಕಣ್ಣಿಗೆ ಹೊಸದೇನಲ್ಲ. ದೇವರ ಮನೆಯ ಗೋಡೆಯಲ್ಲಿ ಇಂಥ ಪಟಗಳು ಇರುತ್ತವಲ್ಲ, ನಡುವೆ ಗುರುಗಳು ಕೂತಿರುತ್ತಾರೆ, ಸುತ್ತ ಚಿಕ್ಕ ಚೌಕಗಳಲ್ಲಿ ಅವರ ಮಹಿಮೆಗಳು. ಭೂಪೇನ್ ಅದೇ ಅಚ್ಚನ್ನು ತೆಗೆದುಕೊಂಡು, ಒಂದೂ ಮಹಿಮೆ ಇಲ್ಲದ ಸಾಮಾನ್ಯ ಮನುಷ್ಯನನ್ನು ನಡುವೆ ಕೂರಿಸಿದರು. ಕೈಯಲ್ಲಿ ಬಾಡದ ಹೂ, ಆದರೆ ಪರಿಮಳ ಇಲ್ಲ. ಅವನ ಬದುಕಿನಲ್ಲಿ ಏನೋ ಆಗಬೇಕಿತ್ತು, ಆಗಿಲ್ಲ. ಇಷ್ಟನ್ನು ಒಂದೂ ಮಾತಿಲ್ಲದೆ ನಮಗೆ ತಿಳಿಸುತ್ತಾರೆ.

ಇಲ್ಲೊಂದು ಪ್ರಶ್ನೆ ಬರುತ್ತದೆ. ಚಿತ್ರ ಕಥೆ ಹೇಳುವುದು ಅಂದರೆ ಏನು? ಕಥೆಗೆ ‘ಆಮೇಲೆ’ ಬೇಕು. ಹುಡುಗ ಹುಡುಗಿಯನ್ನು ನೋಡಿದ, ಆಮೇಲೆ ಪ್ರೀತಿಸಿದ, ಆಮೇಲೆ ಕಳೆದುಕೊಂಡ. ಸಿನಿಮಾ ಇದನ್ನು ಎರಡೂವರೆ ಗಂಟೆಯಲ್ಲಿ ತೋರಿಸುತ್ತದೆ. ಹಾಡು ಚರಣದಿಂದ ಚರಣಕ್ಕೆ ನಡೆಯುತ್ತದೆ. ಗೋಡೆಯ ಮೇಲಿನ ಚಿತ್ರ ಮಾತ್ರ ಅಲ್ಲಾಡದೆ ನಿಂತಿರುತ್ತದೆ. ಅದರಲ್ಲಿ ಎಲ್ಲವೂ ಈಗಲೇ.

ಇದಕ್ಕೆ ಒಂದು ದಾರಿ ಅಂದರೆ ಕಥೆಯ ಒಂದೇ ಒಂದು ಗಳಿಗೆಯನ್ನು ಆರಿಸಿಕೊಳ್ಳುವುದು. ದಮಯಂತಿ ಹಂಸದ ಜೊತೆ ಮಾತಾಡುವ ಗಳಿಗೆ, ಶಕುಂತಲೆ ಪತ್ರ ಬರೆಯುವ ಗಳಿಗೆ. ಹಿಂದಿನದನ್ನು, ಮುಂದಿನದನ್ನು ನೋಡುವವರೇ ತುಂಬಿಕೊಳ್ಳಬೇಕು. ಎಲ್ಲರಿಗೂ ಗೊತ್ತಿರುವ ಕಥೆಗೆ ಇದು ಸಾಕು. ಆದರೆ ಯಾರಿಗೂ ಹೇಳಿರದ ಪ್ರೀತಿಗೆ ಇದು ಸಾಲದು, ಅಲ್ವಾ? ನೋಡುವವರ ಹತ್ತಿರ ತುಂಬಿಕೊಳ್ಳಲು ಏನೂ ಇರುವುದಿಲ್ಲ.

ಇನ್ನೊಂದು ದಾರಿ ತುಂಬ ಹಳೆಯದು. ಒಂದೇ ಮನುಷ್ಯನನ್ನು ಒಂದೇ ಹರವಿನಲ್ಲಿ ಮತ್ತೆ ಮತ್ತೆ ತೋರಿಸುವುದು. ಹಳೇಬೀಡಿಗೆ ಹೋದವರು ಇದನ್ನು ಕಣ್ಣಾರೆ ನೋಡಿರುತ್ತೀರಿ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಉದ್ದಕ್ಕೂ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು ಸಾಲಾಗಿ ಬರುತ್ತವೆ. ರಾಮ ಇಲ್ಲೂ ಇದ್ದಾನೆ, ಎರಡು ಹೆಜ್ಜೆ ಮುಂದೆ ಅಲ್ಲೂ ಇದ್ದಾನೆ. ಕಲ್ಲು ಕದಲುವುದಿಲ್ಲ, ನಾವು ನಡೆಯುತ್ತೇವೆ, ಕಥೆಯೂ ನಮ್ಮ ಜೊತೆ ನಡೆಯುತ್ತದೆ. ಮೊಘಲರ ಕಿರುಚಿತ್ರಗಳಲ್ಲಿ, 14ನೇ ಶತಮಾನದ ಇಟಲಿಯ ಸಿಯೆನಾ ಊರಿನ ಚಿತ್ರಕಾರರಲ್ಲಿ ಕೂಡ ಇಂಥದೇ ಕಟ್ಟು ಸಿಗುತ್ತದೆ. ಒಂದೇ ಹಲಗೆಯಲ್ಲಿ ಇಡೀ ಪಟ್ಟಣ, ಒಂದೊಂದು ಮೂಲೆಯಲ್ಲೂ ಒಂದೊಂದು ಘಟನೆ. ಶೇಖ್ ಮತ್ತು ಭೂಪೇನ್ ಈ ಎರಡೂ ಪರಂಪರೆಗಳನ್ನು ತುಂಬ ಆಸೆಯಿಂದ ನೋಡಿದವರು.

‘ಯು ಕಾಂಟ್ ಪ್ಲೀಸ್ ಆಲ್’ ಚಿತ್ರದಲ್ಲಿ ಅಪ್ಪ ಮಗ ಕತ್ತೆಯ ಜೊತೆ ಒಂದಕ್ಕಿಂತ ಹೆಚ್ಚು ಬಾರಿ ಬರುವುದು ಇದಕ್ಕೇ. ಕೆಳಗೆ ಕಥೆ ಓಡುತ್ತಲೇ ಇದೆ. ಮೇಲೆ ನಿಂತವನಿಗೆ ಮಾತ್ರ ‘ಆಮೇಲೆ’ ಇಲ್ಲ. ಅವನು ಒಬ್ಬನೇ, ಒಂದೇ ಸಲ. ಊರವರ ಮಾತಿಗೆ ತಕ್ಕ ಹಾಗೆ ಸವಾರಿ ಬದಲಿಸುತ್ತ ಕಳೆದ ವರ್ಷಗಳೆಲ್ಲ ಆ ಬೀದಿಯಲ್ಲಿವೆ. ಅವನು ಅಲ್ಲಿಂದ ಮೇಲೆ ಬಂದಿದ್ದಾನೆ.

ಅವನ ಮುಖ ನಮಗೆ ಪೂರ್ತಿ ಕಾಣುವುದಿಲ್ಲ. ನಾವು ನಿಂತಿರುವುದು ಅವನ ಹಿಂದೆ, ಅವನದೇ ಮನೆಯೊಳಗೆ. ಬೀದಿಯನ್ನು ಅವನ ಹೆಗಲ ಮೇಲಿಂದ ನೋಡುತ್ತೇವೆ. ಇನ್ನೊಬ್ಬರ ಗುಟ್ಟನ್ನು ಕಿಟಕಿಯಿಂದ ಇಣುಕಿ ನೋಡುವುದೇ ಬೇರೆ. ಅವರ ಮನೆಯೊಳಗೆ ನಿಂತು ಹೊರಗೆ ನೋಡುವುದೇ ಬೇರೆ. ಚಿತ್ರಕಾರ ನಮ್ಮನ್ನು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದು ಬಣ್ಣದಷ್ಟೇ ಮುಖ್ಯ. ಇಲ್ಲಿ ನಮಗೆ ಒಳಗೆ ಜಾಗ ಕೊಟ್ಟಿದ್ದಾರೆ. ಮೊದಲ ಸಲ ಇದು ಹೊಳೆದಾಗ ನನಗೆ ಗಂಟಲು ಕಟ್ಟಿತ್ತು.

47 ವರ್ಷ ಯಾಕೆ ಬೇಕಾಯಿತು? ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. 1979ರಲ್ಲಿ ಅವರು ಇಂಗ್ಲೆಂಡಿನ ಬಾತ್‌ನ ಕಲಾಶಾಲೆಯಲ್ಲಿ ಕಲಿಸಲು ಹೋದರು. ಇಂಗ್ಲೆಂಡಿನಲ್ಲಿ 1967ರ ಹೊತ್ತಿಗೇ ಕಾನೂನು ಸಡಿಲವಾಗಿತ್ತು. ಇಬ್ಬರು ಗಂಡಸರು ಮುಚ್ಚುಮರೆ ಇಲ್ಲದೆ ಒಂದೇ ಮನೆಯಲ್ಲಿ ಸಂಸಾರ ಮಾಡುವುದನ್ನು ಅಲ್ಲಿ ನೋಡಿದರು. ಎರಡನೆಯದು, 1980ರಲ್ಲಿ ತಾಯಿ ತೀರಿಕೊಂಡರು. ಅಮ್ಮ ಇರುವಷ್ಟು ದಿನ ಬಾಯಿ ಬಿಡಲಿಲ್ಲ. ಅಮ್ಮ ಹೋದ ಮರುವರ್ಷ ಈ ಚಿತ್ರ.

ಇದನ್ನು ಬಿಡುಗಡೆ ಎಂದು ಬರೆದುಬಿಡುವುದು ಸುಲಭ. ಆದರೆ ಸ್ವಲ್ಪ ನಿಂತು ಯೋಚಿಸಿ. ತಾನು ಯಾರು ಎಂದು ಹೇಳಿಕೊಳ್ಳಬೇಕಾದರೆ ತನ್ನನ್ನು ಎಲ್ಲರಿಗಿಂತ ಜಾಸ್ತಿ ಪ್ರೀತಿಸಿದ ಜೀವ ಹೋಗಬೇಕು. ಅವಳಿಗೆ ತನ್ನ ನಿಜವಾದ ಮಗ ಕೊನೆಗೂ ಕಾಣಲಿಲ್ಲ. ಈ ನೋವು ಯಾವ ಚಿತ್ರದಲ್ಲೂ ನೇರವಾಗಿ ಇಲ್ಲ. ಆದರೂ ಬಾಲ್ಕನಿಯಲ್ಲಿ ನಿಂತವನ ಬೆನ್ನಿನಲ್ಲಿ ಅದು ನನಗೆ ಕಾಣುತ್ತದೆ. ಗೆದ್ದವನ ಬೆನ್ನು ಹಾಗಿರುವುದಿಲ್ಲ.

ಮರುವರ್ಷ, 1982ರಲ್ಲಿ, ‘ಟೂ ಮೆನ್ ಇನ್ ಬನಾರಸ್’ ಬಂತು. ಗಾಢ ನೀಲಿ ಕಾಶಿ. ಎಡಗಡೆ ಇಬ್ಬರು ಬೆತ್ತಲೆ ಗಂಡಸರು ಅಪ್ಪಿಕೊಂಡು ನಿಂತಿದ್ದಾರೆ. ಒಬ್ಬನ ತಲೆ ನೆರೆತಿದೆ. ಉಳಿದ ಜಾಗದಲ್ಲೆಲ್ಲ ಊರು: ಸಾಧುಗಳು, ಶಿವಲಿಂಗ, ನಮಸ್ಕಾರ ಮಾಡುವ ಭಕ್ತ, ನದಿ.

ಈ ಚಿತ್ರದಲ್ಲಿ ಅಳತೆಯನ್ನು ಗಮನಿಸಬೇಕು. ನಮ್ಮ ಹಳೆಯ ಶಿಲ್ಪಗಳಲ್ಲಿ, ಚಿತ್ರಗಳಲ್ಲಿ ದೊಡ್ಡವರನ್ನು ದೊಡ್ಡದಾಗಿ ತೋರಿಸುತ್ತಿದ್ದರು. ದೇವರು ದೊಡ್ಡದು, ಭಕ್ತ ಚಿಕ್ಕವನು. ರಾಜ ದೊಡ್ಡವನು, ಚಾಮರ ಬೀಸುವವಳು ಚಿಕ್ಕವಳು. ಭೂಪೇನ್ ಆ ದೊಡ್ಡ ಅಳತೆಯನ್ನು ಇಬ್ಬರು ಪ್ರೇಮಿಗಳಿಗೆ ಕೊಟ್ಟರು. ಇಡೀ ಕಾಶಿ ಅವರ ಪಕ್ಕದಲ್ಲಿ ಬೊಂಬೆಗಳಷ್ಟು ಚಿಕ್ಕದು. ಇಷ್ಟೇ ಆಗಿದ್ದರೆ ಅದು ಬರೀ ಘೋಷಣೆ ಆಗುತ್ತಿತ್ತು. ಆದರೆ ಅವರನ್ನು ನಡುವೆ ನಿಲ್ಲಿಸಲಿಲ್ಲ, ಅಂಚಿನಲ್ಲಿ ನಿಲ್ಲಿಸಿದರು. ಅಳತೆಯಲ್ಲಿ ಎಲ್ಲರಿಗಿಂತ ದೊಡ್ಡವರು, ಜಾಗದಲ್ಲಿ ಎಲ್ಲರಿಗಿಂತ ಪಕ್ಕಕ್ಕೆ ಸರಿದವರು. ಮುಚ್ಚಿಟ್ಟುಕೊಂಡ ಪ್ರೀತಿ ಮನಸ್ಸಿನೊಳಗೆ ಎಷ್ಟು ದೊಡ್ಡದು, ಊರಿನಲ್ಲಿ ಅದಕ್ಕೆ ಸಿಗುವ ಜಾಗ ಎಷ್ಟು ಕಮ್ಮಿ, ಎರಡನ್ನೂ ಒಂದೇ ಕ್ಯಾನ್ವಾಸಿನಲ್ಲಿ ಹೇಳಿದರು. ಇದನ್ನು ಮಾತಿನಲ್ಲಿ ಹೇಳಲು ನನಗೆ ಒಂದು ಪ್ಯಾರಾ ಬೇಕಾಯಿತು. ಅವರು ಬರೆದದ್ದನ್ನು ಒಂದು ನೋಟದಲ್ಲಿ ನೋಡಬಹುದು.

ಮತ್ತೆ ಕಾಶಿಯೇ ಯಾಕೆ? ಸಾಯಲು ಜನ ಹೋಗುವ ಊರು ಅದು. ಪಾಪ ತೊಳೆದುಕೊಳ್ಳಲೂ ಹೋಗುತ್ತಾರೆ. ಅಲ್ಲಿ ಈ ಇಬ್ಬರೂ ಏನನ್ನೂ ತೊಳೆದುಕೊಳ್ಳುತ್ತಿಲ್ಲ. ಹೀಗೆ ನೋಡಿದಾಗ ಭೂಪೇನ್ ಧರ್ಮವನ್ನು ಅಣಕಿಸುತ್ತಿದ್ದಾರೆ ಎಂದು ಕೆಲವರಿಗೆ ಅನಿಸಬಹುದು. ನನಗೆ ಬೇರೆಯೇ ಕಾಣುತ್ತದೆ. ಭಕ್ತಿಯ ಭಾಷೆ ಅವರಿಗೆ ಮನೆಯ ಭಾಷೆ. 1995ರಲ್ಲಿ ಅವರು ‘ಸಖೀಭಾವ’ ಎಂಬ ಚಿತ್ರ ಬರೆದರು. ಗಂಡು ಭಕ್ತ ತನ್ನನ್ನು ಸಖಿ ಎಂದುಕೊಂಡು ಕೃಷ್ಣನನ್ನು ಪ್ರೀತಿಸುವ ಭಾವ ಅದು. ಕನ್ನಡದವರಿಗೆ ಇದು ದೂರದ ಮಾತಲ್ಲ. ‘ಶರಣ ಸತಿ ಲಿಂಗ ಪತಿ’ ಎಂದು ನಮ್ಮ ಶರಣರೂ ಹೇಳಿದರು. ಉರಿಲಿಂಗದೇವ, ಗಜೇಶ ಮಸಣಯ್ಯ ಗಂಡಸರಾಗಿದ್ದೂ ಹೆಣ್ಣಿನ ದನಿಯಲ್ಲಿ ವಿರಹದ ವಚನಗಳನ್ನು ಹಾಡಿದರು. ಅದನ್ನೂ ಇದನ್ನೂ ಒಂದೇ ಅನ್ನುವುದಿಲ್ಲ, ಅವರ ಹಂಬಲ ದೇವರಿಗಾಗಿ. ಆದರೆ ಗಂಡಸಿನ ಬಾಯಲ್ಲಿ ‘ನನ್ನ ನಲ್ಲ ಬರಲಿಲ್ಲ’ ಅನ್ನುವ ಮಾತು ಈ ನೆಲಕ್ಕೆ ಹೊಸದಲ್ಲ. ಭೂಪೇನ್ ಆ ಹಂಬಲವನ್ನು ಮನುಷ್ಯನ ಮೈಗೆ ಮರಳಿ ತಂದರು.

ಅವರ ಪ್ರೀತಿಯಲ್ಲಿ ಇನ್ನೊಂದು ವಿಶೇಷ ಇತ್ತು. ಅವರ ಮನಸ್ಸು ಒಲಿಯುತ್ತಿದ್ದದ್ದು ತಮಗಿಂತ ಹಿರಿಯರಿಗೆ. ತಲೆ ನೆರೆತ, ಚರ್ಮ ಸಡಿಲಾದ, ಸಾಮಾನ್ಯ ಸಂಸಾರಸ್ಥ ಗಂಡಸರಿಗೆ. ಕಲೆಯ ಚರಿತ್ರೆಯಲ್ಲಿ ಪ್ರೇಮದ ಚಿತ್ರ ಅಂದರೆ ಬಹುತೇಕ ಹದಿಹರೆಯದ ಮೈ. ಇವರ ಚಿತ್ರಗಳಲ್ಲಿ ಬೋಳುತಲೆ, ಜೋತುಬಿದ್ದ ಹೊಟ್ಟೆ, ಮುದಿ ಕೈ. 1986ರ ಒಂದು ಚಿತ್ರದ ಹೆಸರು ‘ಸೇವಾ’. ಕಾಲು ಒತ್ತುವುದು, ಮದ್ದು ಕುಡಿಸುವುದು, ಪಕ್ಕದಲ್ಲಿ ಕೂರುವುದು, ನಮ್ಮ ಮನೆಗಳಲ್ಲಿ ಸೇವೆ ಅಂದರೆ ಇದೇ ಅಲ್ವಾ? ಪ್ರೇಮಕ್ಕೆ ಅವರು ಇಟ್ಟ ಹೆಸರುಗಳಲ್ಲಿ ಅದೂ ಒಂದು.

ಹಿರಿಯರನ್ನು ಪ್ರೀತಿಸುವುದು ಅಂದರೆ ಕಳೆದುಕೊಳ್ಳುವುದಕ್ಕೆ ಮೊದಲೇ ತಯಾರಾಗಿ ಇರುವುದು. ತಡವಾಗಿ ಶುರುವಾದ ಪ್ರೀತಿ, ಅದಕ್ಕೆ ಕೊಟ್ಟ ಕಾಲವೂ ಕಮ್ಮಿ. ಹೀಗಿರುವಾಗ ಅವರಿಗೆ ಯಯಾತಿ ನೆನಪಾದದ್ದು ಸಹಜ. ಕಥೆ ನಮಗೆ ಗೊತ್ತು. ಶಾಪದಿಂದ ಮುಪ್ಪು ಬಂದ ರಾಜನಿಗೆ ಕಿರಿಯ ಮಗ ಪುರು ತನ್ನ ಯೌವನವನ್ನು ಕೊಡುತ್ತಾನೆ. 1987ರ ‘ಯಯಾತಿ’ ಚಿತ್ರದಲ್ಲಿ ಮುದುಕ ಮಲಗಿದ್ದಾನೆ. ಅವನ ಮೇಲೆ ರೆಕ್ಕೆಯ ತರುಣನೊಬ್ಬ ಬಾಗಿದ್ದಾನೆ. ಪುರಾಣದಲ್ಲಿ ಯೌವನ ಕೊಡುವುದು ಮಗನ ಕರ್ತವ್ಯ. ಇಲ್ಲಿ ಅದು ಪ್ರೇಮಿಯ ಮೈಯ ಬಿಸಿ. ಮುದುಕ ಮತ್ತೆ ತರುಣನಾದ ಎಂದು ಚಿತ್ರ ಹೇಳುವುದಿಲ್ಲ. ಮುಟ್ಟಿದ ಆ ಗಳಿಗೆಯಲ್ಲೇ ನಿಲ್ಲುತ್ತದೆ.

ಚಿತ್ರಕಲೆಯನ್ನೇ ಅವರು ಯಾಕೆ ನೆಚ್ಚಿಕೊಂಡರು ಅನ್ನುವುದು ನನಗೆ ಅರ್ಥವಾದದ್ದು ಇಲ್ಲಿ. ಅವರು ಗುಜರಾತಿಯಲ್ಲಿ ಕಥೆ, ನಾಟಕ ಕೂಡ ಬರೆದವರು. ಮಾತು ಗೊತ್ತಿಲ್ಲದೆ ಬಣ್ಣಕ್ಕೆ ಬಂದವರಲ್ಲ. ಆದರೆ ಕಥೆಯಲ್ಲಿ ಹೇಳಿದರೆ ‘ತಡವಾಯಿತು’ ಅನ್ನುವುದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಒಂದು ಮುಗಿದೇ ಇನ್ನೊಂದು ಶುರುವಾಗಬೇಕು. ಕ್ಯಾನ್ವಾಸಿನಲ್ಲಿ ಹಾಗಿಲ್ಲ. ಅಂಜಿಕೊಂಡ ವರ್ಷಗಳೂ ಅಪ್ಪಿಕೊಂಡ ಗಳಿಗೆಯೂ ಪಕ್ಕಪಕ್ಕ ಇರಬಹುದು. ಯಾವುದೂ ಮೊದಲಲ್ಲ, ಯಾವುದೂ ಆಮೇಲಲ್ಲ. ‘ಆಮೇಲೆ’ ಇಲ್ಲದಿರುವುದು ಚಿತ್ರದ ಕೊರತೆ ಎಂದು ಮೇಲೆ ಹೇಳಿದೆನಲ್ಲ, ಇವರಿಗೆ ಅದೇ ವರವಾಯಿತು.

1994ರಲ್ಲಿ ಬರೆದ ಒಂದು ಜಲವರ್ಣದ ಹೆಸರನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ‘ನಿನ್ನ ಮೇಲಿನ ಪ್ರೀತಿಯನ್ನು ಹೇಳಿಕೊಳ್ಳಲು ನನಗೆ ಎಷ್ಟು ಕೈಗಳು ಬೇಕು?’ ನಮ್ಮ ದೇವರುಗಳಿಗೆ ಹಲವು ಕೈ. ಒಂದೊಂದರಲ್ಲಿ ಒಂದೊಂದು ಆಯುಧ. ಭೂಪೇನ್ ಆ ಹೆಚ್ಚಿನ ಕೈಗಳನ್ನು ಪ್ರೇಮಿಗೆ ಕೇಳುತ್ತಾರೆ. ಆಯುಧಕ್ಕಲ್ಲ, ಮುಟ್ಟುವುದಕ್ಕೆ.

ಇಷ್ಟೆಲ್ಲ ಆಗುತ್ತಿರುವಾಗ ಅವರಿಗೆ ಮನ್ನಣೆಯೂ ಬರುತ್ತಿತ್ತು. 1984ರಲ್ಲಿ ಪದ್ಮಶ್ರೀ. 1992ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಜಾಗ. ಆದರೆ 90ರ ದಶಕದ ಕೊನೆಯ ಹೊತ್ತಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಹಿಡಿಯಿತು. ಪ್ರೀತಿಯ ಚಿತ್ರಗಳನ್ನು ಬರೆದ ಕೈ ಈಗ ನೋವಿನ ಚಿತ್ರಗಳನ್ನು ಬರೆಯಿತು. 1999ರ ಚಿತ್ರವೊಂದರ ಹೆಸರು ‘ದಿನದ ಕೊನೆಗೆ ಕಬ್ಬಿಣದ ಗಟ್ಟಿಗಳು ಹೊರಬಂದವು’ ಎಂಬ ಅರ್ಥದ್ದು. ಶೌಚಕ್ಕೆ ಕೂತ ಮನುಷ್ಯನ ಯಾತನೆ ಅದರ ವಸ್ತು. 2001ರ ‘ಬುಲೆಟ್ ಶಾಟ್ ಇನ್ ದ ಸ್ಟಮಕ್’ ಹೊಟ್ಟೆಗೆ ಗುಂಡು ಬಿದ್ದ ಮೈಯ ಚಿತ್ರ. ನೋಡಲು ಕಷ್ಟ. ಎಷ್ಟೋ ಜನ ಈ ಚಿತ್ರಗಳ ಮುಂದೆ ಬೇಗ ಸರಿದು ಹೋಗುತ್ತಾರೆ. ನಾನು ಒಂದು ಮಾತು ಹೇಳುತ್ತೇನೆ. ಬಾಲ್ಕನಿಯಲ್ಲಿ ಬಟ್ಟೆ ಕಳಚಿ ನಿಂತವನೇ ಇವನು. ಅಲ್ಲಿ ಬಟ್ಟೆ ತೆಗೆದ, ಇಲ್ಲಿ ಚರ್ಮವನ್ನೂ ತೆಗೆದ. ತನ್ನನ್ನು ತಾನು ಒಪ್ಪಿಕೊಳ್ಳುವುದು ಅಂದರೆ ಚೆಂದದ ಭಾಗವನ್ನು ಮಾತ್ರ ಒಪ್ಪಿಕೊಳ್ಳುವುದಲ್ಲ ಎಂದು ಅವರು ಕೊನೆಯವರೆಗೂ ನಂಬಿದ್ದರು. ಕೆಡುತ್ತಿರುವ ಮೈಯನ್ನೂ ಅದೇ ಗಮನದಿಂದ ಬರೆದರು, ವಾಚ್ ರಿಪೇರಿಯವನ ಮುಖವನ್ನು ಬರೆದ ಹಾಗೆಯೇ.

ಭೂಪೇನ್ 2003ರ ಆಗಸ್ಟ್ 8ರಂದು ಬರೋಡಾದಲ್ಲಿ ತೀರಿಕೊಂಡರು. 69 ವರ್ಷ. ಆಗಿನ್ನೂ 377ನೇ ಕಲಮು ಜಾರಿಯಲ್ಲಿತ್ತು. ಅವರು ಬರೆದ ಪ್ರೀತಿ ಕಾನೂನಿನ ಕಣ್ಣಿಗೆ ಅಪರಾಧ. ದೆಹಲಿ ಹೈಕೋರ್ಟ್ 2009ರಲ್ಲಿ ಕೊಟ್ಟ ಬಿಡುಗಡೆಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ಹಿಂದೆ ತೆಗೆದುಕೊಂಡಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ಒಪ್ಪಿಗೆಯಿಂದ ಕೂಡುವ ವಯಸ್ಕರನ್ನು ಆ ಕಲಮಿನಿಂದ ಹೊರಗಿಟ್ಟಿತು. ಅವರು ಹೋಗಿ 15 ವರ್ಷ ಆಗಿತ್ತು. ಅಲ್ಲೂ ತಡ.

ಅದಕ್ಕೆ ಎರಡು ವರ್ಷ ಮೊದಲು, 2016ರಲ್ಲಿ, ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ ಭೂಪೇನ್ ಅವರ ಚಿತ್ರಗಳ ದೊಡ್ಡ ಪ್ರದರ್ಶನ ಮಾಡಿತು. ಹೆಸರು ಅದೇ, ‘ಯು ಕಾಂಟ್ ಪ್ಲೀಸ್ ಆಲ್’. ಆ ಚಿತ್ರ ಈಗ ಟೇಟ್ ಸಂಗ್ರಹದಲ್ಲೇ ಇದೆ. 2019ರಲ್ಲಿ ‘ಟೂ ಮೆನ್ ಇನ್ ಬನಾರಸ್’ ಲಂಡನ್ನಿನ ಹರಾಜಿನಲ್ಲಿ 25 ಲಕ್ಷ ಪೌಂಡಿಗೂ ಜಾಸ್ತಿ ಬೆಲೆಗೆ ಹೋಯಿತು. ಬೆಲೆಯ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂತು. ಚಿತ್ರದೊಳಗೆ ಏನಿದೆ ಅನ್ನುವುದರ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ.

ಆ ಚಿತ್ರದ ಒಂದು ಸಂಗತಿಯನ್ನು ನಾನು ಇನ್ನೂ ಹೇಳಿಲ್ಲ. ಅದರ ಪ್ರತಿ ಎಲ್ಲಾದರೂ ಸಿಕ್ಕರೆ ಇಬ್ಬರು ಪ್ರೇಮಿಗಳಿಂದ ಕಣ್ಣು ತೆಗೆದು ಊರಿನ ಕಡೆ ನೋಡಿ. ಕೂತ ಸಾಧು ಕೂತೇ ಇದ್ದಾನೆ. ಲಿಂಗಕ್ಕೆ ಬಾಗಿದವನು ಬಾಗಿಯೇ ಇದ್ದಾನೆ. ಎಲ್ಲರಿಗೂ ಅವರವರ ಕೆಲಸ ಇದೆ. ಪಕ್ಕದಲ್ಲೇ ಇಬ್ಬರು ಗಂಡಸರು ಅಪ್ಪಿಕೊಂಡು ನಿಂತಿದ್ದಾರೆ. ಇಡೀ ಕಾಶಿಯಲ್ಲಿ ಯಾರೂ ಕಲ್ಲು ಎತ್ತಿಕೊಂಡಿಲ್ಲ, ಯಾರೂ ಬೆರಳು ತೋರಿಸುತ್ತಿಲ್ಲ.